ಹಿಲ್ ಡಿಸ್ಟ್ರಿಕ್ಟ್ ನಕ್ಷೆ, ಆರನೇ ವಾರ: ಗ್ರಿಲ್ ಅಂದರೆ ಯಾವ ಗ್ರಿಲ್?

ಈ ವಾರದ ಹೊತ್ತಿಗೆ 31 ಜಾಗ ಗುರುತಿಸಿ ಆಯಿತು. ಹೊಸದಾಗಿ ಓದುತ್ತಿರುವವರಿಗೆ: ಹಿಲ್ ಡಿಸ್ಟ್ರಿಕ್ಟ್ ಅಂದರೆ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಗುಡ್ಡದ ಮೇಲಿನ, ಕಪ್ಪು ಜನ ಹೆಚ್ಚಾಗಿದ್ದ ಕೇರಿ. ಪಿಟ್ಸ್‌ಬರ್ಗ್‌ನ ಕಪ್ಪು ಸಂಗೀತಗಾರರ ಯೂನಿಯನ್ 'ಲೋಕಲ್ 471'. ಅದರ ಹಿರಿಯರು 1990ರ ದಶಕದಲ್ಲಿ ಹೇಳಿದ ನೆನಪುಗಳ ರೆಕಾರ್ಡಿಂಗ್ ಇವೆ. ಅವನ್ನು ಕೇಳಿ, ಅದರಲ್ಲಿ ಬರುವ ಕ್ಲಬ್ಬು, ಬೀದಿ ಮೂಲೆಗಳನ್ನೆಲ್ಲ ನಕ್ಷೆಗೆ ಹಾಕುತ್ತಿದ್ದೇನೆ.

ಈ ಸಲ ಜಾಸ್ತಿ ಕಾಡಿದ್ದು ಕ್ರಾಫರ್ಡ್ ಗ್ರಿಲ್ ಅನ್ನುವ ಜಾಝ್ ಕ್ಲಬ್ಬು. ಮಾತಿನಲ್ಲಿ ಸುಮ್ನೆ 'ಗ್ರಿಲ್' ಅಂತ ಬರುತ್ತದೆ. ಆದರೆ ವೈಲಿ ಅವೆನ್ಯೂದಲ್ಲಿ ಗ್ರಿಲ್ ಎರಡಿದ್ದವು. ಗಸ್ ಗ್ರೀನ್‌ಲೀ ಶುರು ಮಾಡಿದ ಮೊದಲನೆಯದು 1951ರಲ್ಲಿ ಸುಟ್ಟುಹೋಯಿತು. ಎರಡನೆಯದು 1943ರಿಂದ ಗುಡ್ಡದ ಇನ್ನೂ ಮೇಲಕ್ಕೆ, ಎಲ್ಮೋರ್ ಬೀದಿ ಮೂಲೆಯಲ್ಲಿತ್ತು. ನಾನು ಎರಡನ್ನೂ ಒಂದೇ ಕಡೆ ಗುರುತಿಸಿಬಿಟ್ಟಿದ್ದೆ. ಮಾತಿನ ಹಿಂದುಮುಂದು ಮತ್ತೆ ಕೇಳಿ, ಕಾಲ ಅಂದಾಜು ಮಾಡಿ ಬೇರೆ ಮಾಡಲು ಎರಡು ಸಂಜೆ ಹಿಡಿಯಿತು.

ಲೋವರ್ ಹಿಲ್, ಅಂದರೆ ಗುಡ್ಡದ ಕೆಳಭಾಗದ ವಿಳಾಸಗಳು ಈಗಿನ ನಕ್ಷೆಯಲ್ಲಿ ಸಿಗುವುದಿಲ್ಲ. ಬೀದಿಗಳೇ ಇಲ್ಲವಲ್ಲ! 1956ರಿಂದ ಇಡೀ ಕೇರಿಯನ್ನು ಕೆಡವಿದರು. ಸುಮಾರು 8,000 ಜನರನ್ನು ಎಬ್ಬಿಸಿದರು. 1961ರಲ್ಲಿ ಅಲ್ಲಿ ಸಿವಿಕ್ ಅರೀನಾ ಎಂಬ ಕ್ರೀಡಾಂಗಣ ತೆರೆದರು. 2012ರ ಹೊತ್ತಿಗೆ ಅದನ್ನೂ ಕೆಡವಿ ಹಾಕಿದರು. ಹಾಗಾಗಿ ಹಾಪ್ಕಿನ್ಸ್ ಕಂಪನಿ 1923ರಲ್ಲಿ ಮಾಡಿದ ಆಸ್ತಿ ನಕ್ಷೆಯೇ ನನಗೆ ಗತಿ. ಅದರಲ್ಲಿ ಒಂದೊಂದು ಮನೆಯೂ ಇದೆ. ಇಟ್ಟಿಗೆಯದಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ಗೋಡೆಗೆ ಗೋಡೆ ತಾಗಿಕೊಂಡ ಗುಲಾಬಿ ಚೌಕಗಳ ಸಾಲು. ಅದರ ಮೇಲೆ ಉಪಗ್ರಹ ಚಿತ್ರ ಇಟ್ಟು ನೋಡಿದೆ. ಆ ಚೌಕಗಳ ಮೇಲೆ ಕಾರು ನಿಲ್ಲಿಸುವ ಬಿಳಿ ಗೆರೆಗಳು ಬಂದು ಕೂತವು. ಹೊಟ್ಟೆಯಲ್ಲಿ ಸಂಕಟವಾಯಿತು. ಅವತ್ತು ಮುಂದೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಯೂನಿಯನ್ನಿನ ಸ್ವಂತ ಕ್ಲಬ್ಬಿಗೆ ಮಾತ್ರ ಬೇರೆ ಬಣ್ಣ ಕೊಟ್ಟಿದ್ದೇನೆ. ಬೇರೆ ಕಡೆ ನುಡಿಸಿ ಮುಗಿಸಿದವರು ರಾತ್ರಿ ಬಂದು, ತಮಗೋಸ್ಕರ ನುಡಿಸುತ್ತಿದ್ದ ಜಾಗ ಅದು. ಊರಿಗೆ ಬಂದ ದೊಡ್ಡ ಬ್ಯಾಂಡಿನವರೂ ಸೇರುತ್ತಿದ್ದರು. ಹುಡುಗರು ಅವರ ಜೊತೆ ನುಡಿಸಿಯೇ ಕಲಿತರು. 1966ರಲ್ಲಿ ಈ ಯೂನಿಯನ್ನನ್ನು ಬಿಳಿಯರ ಲೋಕಲ್ 60 ಜೊತೆ ಸೇರಿಸಿದರು. ಕೇಳೋಕೆ ಒಳ್ಳೆಯದೇ ಅಲ್ವಾ? ಆದರೆ ಕ್ಲಬ್ಬು ಹೋಯಿತು, ಯೂನಿಯನ್ನಿನಲ್ಲಿ ಕಪ್ಪು ಸಂಗೀತಗಾರರ ಮಾತು ನಡೆಯುವುದೂ ನಿಂತಿತು. ಈ ಭಾಗ ಬಂದಾಗ ನಾನು ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತೇನೆ.

ಮುಂದಿನದು ಫೋಟೋ ಕೆಲಸ. ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯ ಛಾಯಾಗ್ರಾಹಕ ಟೀನಿ ಹ್ಯಾರಿಸ್ ತೆಗೆದ ಸುಮಾರು 80,000 ನೆಗೆಟಿವ್‌ಗಳು ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ. ಮೊದಲು ವೈಲಿ ಅವೆನ್ಯೂದ ಅಂಗಡಿ ಬೋರ್ಡು ಕಾಣುವವನ್ನು ಹುಡುಕುತ್ತೇನೆ. ಎರಡನೇ ಗ್ರಿಲ್‌ನ ಕಟ್ಟಡ ಇನ್ನೂ ನಿಂತಿದೆ. ಶನಿವಾರ ಮಳೆ ಬರದಿದ್ದರೆ ಅಲ್ಲಿಂದ ಕೆಳಗೆ ನಡೆದು, ವೈಲಿ ಅವೆನ್ಯೂ ಎಲ್ಲಿಗೆ ನಿಲ್ಲುತ್ತದೋ ಅಲ್ಲಿ 32ನೇ ಗುರುತು ಹಾಕುತ್ತೇನೆ.