ಎಂಕ್ಯೂಬಿ ಸಾರ್, ಎಲ್ಲಾ ಒಂದೇ!

“ಎಂಕ್ಯೂಬಿ ಪ್ಲಾಟ್‌ಫಾರ್ಮ್ ಸಾರ್. ಗಾಲ್ಫ್ ಆದರೇನು, ಆಕ್ಟೇವಿಯಾ ಆದರೇನು, ಎಲ್ಲಾ ಒಂದೇ.” ಪಾರ್ಟ್ಸ್ ಮಾರುವವರ ಬಾಯಲ್ಲಿ ಈ ಮಾತು ಕೇಳದ ವಿಆರ್‌ಎಸ್ ಮಾಲೀಕ ಬೆಂಗಳೂರಲ್ಲಿ ಸಿಗಲಿಕ್ಕಿಲ್ಲ. ಎಂಕ್ಯೂಬಿ ಅಂದರೆ ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಿಗೆ ಬುನಾದಿಯಾಗಿರುವ ಚೌಕಟ್ಟು, ವಿಆರ್‌ಎಸ್ ಅಂದರೆ ಸ್ಕೋಡಾ ಆಕ್ಟೇವಿಯಾದ ವೇಗದ ಮಾದರಿ. ಮಾತು ಅರ್ಧ ನಿಜ. ಯಾವ ಅರ್ಧ ನಿಜ, ಯಾವ ಅರ್ಧ ಸುಳ್ಳು ಅಂತ ಟೇಪ್ ಹಿಡಿದು ತೋರಿಸುವಷ್ಟು ಈಗ ನನಗೆ ಗೊತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2017ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್, 350 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಮದುವೆ ಮನೆಗೆ ಐದು ಜನ, ಅವರ ಬ್ಯಾಗು ಎಲ್ಲಾ ತುಂಬಿಕೊಂಡು ಹೋಗಬಹುದು. ರಸ್ತೆ ಖಾಲಿ ಇದ್ದರೆ ಏಳು ಸೆಕೆಂಡಿನೊಳಗೆ ನೂರು ಮುಟ್ಟಿಸಲೂಬಹುದು. ವಾರಂಟಿ ಮುಗಿದ ಮೇಲೆ ಟರ್ಬೊದಿಂದ ಹೊಗೆ ಇಳಿಸುವ ಡೌನ್‌ಪೈಪು, ಅಲ್ಲಿಂದ ಹಿಂದಿನ ಬಂಪರ್ ತನಕದ ಕ್ಯಾಟ್‌ಬ್ಯಾಕು ಎರಡನ್ನೂ ಬದಲಾಯಿಸುವ ಆಸೆ ಹುಟ್ಟಿತು. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಫ್ಯಾನು. ಟರ್ಬೊ ಹಿಂದೆ ಹೊಗೆ ಸಲೀಸಾಗಿ ಹೋದರೆ ಟರ್ಬೊ ಬೇಗ ತಿರುಗುತ್ತದೆ, ಅದು ಲೆಕ್ಕದ ಮಾತು. ಸದ್ದಿಗೋಸ್ಕರ ಅಲ್ಲ ಅಂತ ಹೇಳಿದರೆ ಮಾತ್ರ ಮನೆಯಲ್ಲೇ ಯಾರೂ ನಂಬುವುದಿಲ್ಲ. ಸದ್ದೂ ಬೇಕಿತ್ತು, ಆದರೆ ಹದವಾಗಿ.

ಈ ಗಾಡಿಯ ಹೊಗೆ ಹೋಗುವ ದಾರಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಇದರ ಇಎ888 ಇಂಜಿನ್ನಿನಲ್ಲಿ ಸಿಲಿಂಡರುಗಳ ಹೊಗೆ ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂತ ಬೇರೆ ಭಾಗವೇ ಇಲ್ಲ. ಅದು ಸಿಲಿಂಡರ್ ಹೆಡ್ಡಿನೊಳಗೇ ಸೇರಿಕೊಂಡಿದೆ. ಟರ್ಬೊ ನೇರ ಹೆಡ್ಡಿಗೆ ಕೂರುತ್ತದೆ. ಟರ್ಬೊ ಬಾಯಿಗೆ ಸುತ್ತ ಬಿಗಿಯುವ ವಿ-ಬ್ಯಾಂಡ್ ಕ್ಲ್ಯಾಂಪ್ ಹಾಕಿ ಡೌನ್‌ಪೈಪ್. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಇರುವುದು ಈ ಡೌನ್‌ಪೈಪಿನಲ್ಲೇ, ಇಂಜಿನ್ನಿಗೂ ಫೈರ್‌ವಾಲಿಗೂ (ಕ್ಯಾಬಿನ್ನಿನ ಮುಂದಿನ ತಗಡಿನ ಗೋಡೆ) ನಡುವಿನ ಇಕ್ಕಟ್ಟಿನಲ್ಲಿ. ಅಲ್ಲಿಂದ ಕೆಳಗಿಳಿದು, ಬಳುಕುವ ಫ್ಲೆಕ್ಸ್ ಪೈಪ್ ದಾಟಿ, ಉದ್ದನೆಯ ಸ್ಲೀವ್ ಕ್ಲ್ಯಾಂಪಿನೊಳಗೆ ಹಿಂದಿನ ಪೈಪಿಗೆ ಸೇರುತ್ತದೆ. ಆ ಸ್ಲೀವಿನಿಂದ ಬಂಪರ್ ತನಕ ಇರುವುದೇ ಕ್ಯಾಟ್‌ಬ್ಯಾಕ್.

ಡೌನ್‌ಪೈಪ್ ಆರಿಸುವಾಗ ಗಾಡಿಯ ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಮುಂದಿನ ಎರಡು ಗಾಲಿ ಎಳೆಯುವ ಗಾಡಿಯೋ, ನಾಲ್ಕೂ ಎಳೆಯುವ ಗಾಡಿಯೋ? ಗಾಲ್ಫ್ ಆರ್ ಥರದ ಗಾಡಿಗಳಲ್ಲಿ ಹಿಂದಿನ ಗಾಲಿಗೆ ಶಕ್ತಿ ಕಳಿಸುವ ಪೆಟ್ಟಿಗೆ ಅದೇ ಜಾಗದಲ್ಲಿ ಕೂತಿರುತ್ತದೆ, ಪೈಪು ಅದನ್ನು ಸುತ್ತಿಕೊಂಡು ಹೋಗಬೇಕು. ಇಂಜಿನ್ ಒಂದೇ ಬಗೆಯದಾದರೂ ಪೈಪು ಬೇರೆ. ನಮ್ಮ ವಿಆರ್‌ಎಸ್ ಮುಂದಿನ ಗಾಲಿಯದು. ತರಿಸಿದ್ದು ಸರಿಯಾದದ್ದೇ. 200 ಸೆಲ್ ಕ್ಯಾಟ್, ಅಂದರೆ ಚದರ ಇಂಚಿಗೆ 200 ಕಿಂಡಿಗಳ ಕ್ಯಾಟ್ ಇರುವುದು. ಕ್ಯಾಟ್ ಕಿತ್ತು ಖಾಲಿ ಪೈಪ್ ಹಾಕುವವರೂ ಇದ್ದಾರೆ. ಅವರ ಹಿಂದೆ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ನೋಡಬೇಕು, ಕಣ್ಣು ಉರಿಯುತ್ತದೆ.

ನಮ್ಮ ಗ್ಯಾರೇಜ್ ಅಣ್ಣ ಹಿಂದಿನ ಸಂಜೆಯೇ ನಟ್ಟುಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದರು. ಬೆಳಿಗ್ಗೆ ಬಲಗಡೆ ಡ್ರೈವ್ ಶಾಫ್ಟ್ ಬಿಚ್ಚಿ ಜಾಗ ಮಾಡಿಕೊಂಡು ಹಳೇ ಡೌನ್‌ಪೈಪ್ ಇಳಿಸಿದರು. ಹೊಸದು ಟರ್ಬೊ ಬಾಯಿಗೆ ಟಕ್ ಅಂತ ಕೂತಿತು. ಫೈರ್‌ವಾಲಿಗೆ ಬೆರಳು ಹೋಗುವಷ್ಟು ಸಂದು. ಚೆನ್ನಾಗಿದೆ ಅಲ್ವಾ ಅಂದುಕೊಳ್ಳುವಷ್ಟರಲ್ಲಿ ಕೆಳಗಿನ ಬ್ರಾಕೆಟ್ಟಿನ ತೂತು ಕೂಡಲಿಲ್ಲ. ನಾಲ್ಕು ಮಿಲಿಮೀಟರ್ ಆಚೆ.

“ರಾಡ್ ಹಾಕಿ ಎಳೆದರೆ ಬಂದುಬಿಡುತ್ತೆ ಸಾರ್” ಅಂದ ಗ್ಯಾರೇಜಿನ ಹುಡುಗ. ಬರುತ್ತೆ, ಅದರಲ್ಲಿ ಅನುಮಾನ ಇಲ್ಲ. ಬೋಲ್ಟೂ ಬಿಗಿಯಾಗುತ್ತದೆ. ಆದರೆ ಆ ನಾಲ್ಕು ಮಿಲಿಮೀಟರಿನ ಎಳೆತ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ವಿ-ಬ್ಯಾಂಡಿಗೆ, ಒಂದು ಪಾಲು ಫ್ಲೆಕ್ಸಿಗೆ. ನಮ್ಮ ಗಾಡಿಗಳಲ್ಲಿ ಇಂಜಿನ್ ಅಡ್ಡ ಕೂತಿರುತ್ತದೆ. ಆಕ್ಸಲರೇಟರ್ ತುಳಿದಾಗ, ಬಿಟ್ಟಾಗ ಅದು ಹಿಂದೆ ಮುಂದೆ ತೂಗುತ್ತದೆ. ಆ ತೂಗಾಟ ಹಿಂದಿನ ಪೈಪಿಗೆ ಹೋಗದಿರಲಿ ಅಂತಲೇ ಫ್ಲೆಕ್ಸ್ ಇಟ್ಟಿರುವುದು. ಮೊದಲೇ ಎಳೆದು ಕಟ್ಟಿದ ಫ್ಲೆಕ್ಸಿನ ಜಾಲರಿ ಸ್ವಲ್ಪ ಕಾಲದಲ್ಲೇ ಹರಿಯುತ್ತದೆ. ವಿ-ಬ್ಯಾಂಡ್ ಓರೆಯಾದರಂತೂ ಹೊಗೆ ಸೋರಿ, ಚಿಟ್‌ಚಿಟ್ ಅನ್ನುವ ಸದ್ದು ಶುರು. ಅಣ್ಣ ಹುಡುಗನ ಕೈಯಿಂದ ರಾಡ್ ಇಸಿದುಕೊಂಡು ದುಂಡು ಅರ ಕೊಟ್ಟರು. ಬ್ರಾಕೆಟ್ಟಿನ ತೂತು ಉಜ್ಜಿ ಉದ್ದ ಮಾಡಿದ ಮೇಲೆ ಬೋಲ್ಟ್ ಬರಿಗೈಯಲ್ಲೇ ತಿರುಗಿತು. ಬೋಲ್ಟ್ ಬರಿಗೈಯಲ್ಲಿ ಹತ್ತದಿದ್ದರೆ ಪೈಪು ಇನ್ನೂ ಕೂತಿಲ್ಲ ಅಂತಲೇ ಲೆಕ್ಕ.

ಆಕ್ಸಿಜನ್ ಸೆನ್ಸರ್ ಕೂರುವ ಜಾಗದಲ್ಲೂ ಸಣ್ಣ ಕಿರಿಕ್. ಥ್ರೆಡ್ ಸರಿಯಾದದ್ದೇ, 18 ಮಿ.ಮೀ., 1.5 ಪಿಚ್. ಆದರೆ ವೆಲ್ಡಿಂಗ್ ಕಿಡಿ ಸಿಡಿದು ಥ್ರೆಡ್ಡಿನೊಳಗೆ ಅಂಟಿಕೊಂಡಿತ್ತು. ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಬಿಡಿಸಿದ ಮೇಲೆ ಸೆನ್ಸರ್ ಒಳಗೆ ಹೋಯಿತು. ಸುಮ್ನೆ ಸ್ಪ್ಯಾನರ್ ಹಾಕಿ ತಿರುಗಿಸಿದ್ದರೆ ಸೆನ್ಸರಿನ ಥ್ರೆಡ್ಡೇ ಹಾಳಾಗುತ್ತಿತ್ತು. ಅದರ ಬೆಲೆ ಕೇಳಿದರೆ ನಿದ್ದೆ ಬರುವುದಿಲ್ಲ. ಪೈಪು ಕೊಳ್ಳುವವರು ಇದನ್ನೂ ನೋಡಿಕೊಳ್ಳಿ: ಸೆನ್ಸರ್ ಮಲಗಿದ ಹಾಗೆ ಅಥವಾ ಕೆಳಮುಖವಾಗಿ ಇರಬಾರದು. ಇಂಜಿನ್ ತಣ್ಣಗಿದ್ದಾಗ ಪೈಪಿನಲ್ಲಿ ನೀರು ಕೂಡುತ್ತದೆ. ಬಿಸಿಯಾದ ಸೆನ್ಸರಿಗೆ ಆ ನೀರು ತಾಗಿದರೆ ಒಳಗಿನ ಪಿಂಗಾಣಿ ಸೀಳುತ್ತದೆ.

ಇಷ್ಟು ಮುಂದಿನ ಕಥೆ. ನಿಜವಾದ ತಲೆನೋವು ಹಿಂದಿತ್ತು.

ಕ್ಯಾಟ್‌ಬ್ಯಾಕಿನ ಡಬ್ಬದ ಮೇಲೆ ವಿಆರ್‌ಎಸ್ ಅಂತಲೇ ಇತ್ತು. ಹಿಂದಿನ ಸೈಲೆನ್ಸರನ್ನು ಅದರ ರಬ್ಬರುಗಳಿಗೆ ನೇತುಹಾಕಿದೆವು. ಕೂತಿತು. ನಡುವಿನ ಪೈಪನ್ನು ಅದರ ರಬ್ಬರಿಗೆ ಹಾಕಿ ಮುಂದಕ್ಕೆ ತಂದರೆ ಡೌನ್‌ಪೈಪಿನ ತುದಿಯೇ ಸಿಗುತ್ತಿಲ್ಲ. ನಡುವೆ ಗಾಳಿ. ಟೇಪ್ ಹಿಡಿದೆ, ಹೆಚ್ಚುಕಡಿಮೆ ಐದು ಸೆಂಟಿಮೀಟರ್.

ಆ ಐದು ಸೆಂಟಿಮೀಟರ್ ನೋಡಿದ ಕೂಡಲೇ ತಲೆಯಲ್ಲಿ ಗಂಟೆ ಹೊಡೆಯಿತು. ಎಂಕ್ಯೂಬಿಯಲ್ಲಿ ಎಲ್ಲ ಗಾಡಿಗೂ ಒಂದೇ ಅಳತೆ ಇರುವುದು ಮುಂದಿನ ಆಕ್ಸಲ್‌ನಿಂದ ಪೆಡಲ್‌ಗಳ ತನಕ ಮಾತ್ರ. ಇಂಜಿನ್ ಎಷ್ಟು ವಾಲಿ ಕೂರಬೇಕು ಅನ್ನುವುದೂ ಒಂದೇ. ಅದಕ್ಕೇ ಡೌನ್‌ಪೈಪ್ ಟರ್ಬೊ ಬಾಯಿಗೆ ಅಷ್ಟು ಸಲೀಸಾಗಿ ಕೂತಿದ್ದು. ಪೆಡಲ್ ದಾಟಿದರೆ ಆಯಾ ಗಾಡಿಯ ಅಳತೆಯೇ ಬೇರೆ. ಏಳನೇ ತಲೆಮಾರಿನ ಗಾಲ್ಫ್ ಜಿಟಿಐಯ ವೀಲ್‌ಬೇಸ್ ಸುಮಾರು 2630 ಮಿ.ಮೀ. ನಮ್ಮ ವಿಆರ್‌ಎಸ್‌ನದು ಸುಮಾರು 2680. ಕಳೆದು ನೋಡಿ! ಒಟ್ಟು ಉದ್ದದಲ್ಲಂತೂ ವ್ಯತ್ಯಾಸ ಇನ್ನೂ ಜಾಸ್ತಿ, 4.27 ಮೀಟರ್ ಎಲ್ಲಿ, 4.69 ಮೀಟರ್ ಎಲ್ಲಿ. ಹಿಂದಿನ ತುಂಡು ಆಕ್ಟೇವಿಯಾದ್ದೇ ಕಳಿಸಿದ್ದರು. ನಡುವಿನ ತುಂಡು ಗಾಲ್ಫ್‌ನದ್ದು ತುಂಬಿದ್ದರು.

ಮಾರಿದವರಿಗೆ ಫೋನ್ ಮಾಡಿದೆ. “ಸ್ಲಿಪ್ ಜಾಯಿಂಟ್ ಇದೆಯಲ್ಲ ಸಾರ್, ಸ್ವಲ್ಪ ಹೊರಗೆ ಎಳೆದುಕೊಳ್ಳಿ, ಅಡ್ಜಸ್ಟ್ ಆಗುತ್ತೆ.” ಜಾಯಿಂಟಿನೊಳಗೆ ಪೈಪು ಹೋಗಿರುವುದೇ ಐದು ಸೆಂಟಿಮೀಟರ್, ಅದನ್ನು ಪೂರ್ತಿ ಎಳೆದರೆ ಹಿಡಿದುಕೊಳ್ಳಲು ಏನು ಉಳಿಯುತ್ತದೆ ಸ್ವಾಮಿ ಅಂತ ಕೇಳಿದೆ. ಟೇಪ್ ಇಟ್ಟು ಫೋಟೊ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮಾರನೇ ದಿನ, “ವಾಪಸ್ ಕಳಿಸಿ, ಕೊರಿಯರ್ ಖರ್ಚು ನಿಮ್ಮದು, ಬದಲಿ ಮಾಲು ಬರಲು ಎರಡು ತಿಂಗಳು” ಅಂದರು. ಅಲ್ಲಿಯವರೆಗೆ ಗಾಡಿ ರ್ಯಾಂಪ್ ಮೇಲೆ ಇಡಲಾಗುತ್ತದೆಯೇ? ಹಳೇ ಪೈಪನ್ನೇ ವಾಪಸ್ ಹಾಕೋಣ ಅಂದರೆ ಎರಡರ ವ್ಯಾಸ ಬೇರೆ. ಹೊಸದು 76 ಮಿ.ಮೀ., ಅಂದರೆ ಮೂರು ಇಂಚು. ಕಂಪನಿಯದ್ದು ಸಣ್ಣದು.

ಹಾಗಾಗಿ ಜೆ.ಸಿ. ರಸ್ತೆ ಕಡೆಯಿಂದ ಆರ್ಗಾನ್ ವೆಲ್ಡಿಂಗ್ ಮಾಡುವ ಭಾಯಿಯನ್ನು ಗ್ಯಾರೇಜಿಗೇ ಕರೆಸಿದೆವು. ಅವರ ಕೆಲಸ ನೋಡುತ್ತಾ ನಾನು ಊಟಕ್ಕೇ ಹೋಗಲಿಲ್ಲ.

ಬಂದವರೇ ಮೊದಲು ಪೈಪಿಗೆ ಅಯಸ್ಕಾಂತ ಹಿಡಿದು ನೋಡಿದರು. ಅಂಟಲಿಲ್ಲ. “304 ಸ್ಟೇನ್‌ಲೆಸ್ ಇರಬೇಕು ಸಾರ್, ತುಂಡೂ ಅದೇ ಹಾಕ್ತೀನಿ.” ಬಾಗು ಇರುವ ಕಡೆ ಮುಟ್ಟಲಿಲ್ಲ. ನೇರ ಇರುವ ಕಡೆ ಮಾರ್ಕರಿನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಆ ಗೆರೆಗೆ ಅಡ್ಡವಾಗಿ ಕತ್ತರಿಸಿದರು. ಮತ್ತೆ ಸೇರಿಸುವಾಗ ಗೆರೆ ಗೆರೆಗೆ ಕೂಡಬೇಕು, ಇಲ್ಲದಿದ್ದರೆ ಪೈಪು ತಿರುಚಿಕೊಂಡು ಹಿಂದಿನ ತುದಿ ಎತ್ತಲೋ ನೋಡುತ್ತದೆ. ಐದು ಸೆಂಟಿಮೀಟರಿನ ಬಳೆ ನಡುವೆ ಇಟ್ಟು, ಎಲ್ಲವನ್ನೂ ಗಾಡಿಗೆ ನೇತುಹಾಕಿ, ರಬ್ಬರಿನ ಮೇಲೆ ಭಾರ ಬಿಟ್ಟ ಮೇಲೆ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕಿ ಬೆಸುಗೆ ಹೊಡೆದರು. ಬ್ಯಾಟರಿ ಕೇಬಲ್ ಬಿಚ್ಚಿಸಿದ್ದು ಅವರೇ. ಆಮೇಲೆ ಪೈಪ್ ಇಳಿಸಿ ಪೂರ್ತಿ ವೆಲ್ಡ್. ಒಂದೇ ಸಮ ಸುತ್ತು ಬರಲಿಲ್ಲ. ಇಲ್ಲಿ ಸ್ವಲ್ಪ, ಎದುರುಗಡೆ ಸ್ವಲ್ಪ, ತಣ್ಣಗಾಗಲು ಬಿಟ್ಟು ಮತ್ತೆ ಪಕ್ಕದಲ್ಲಿ ಸ್ವಲ್ಪ. ಒಂದೇ ಕಡೆ ಕಾಯಿಸಿದರೆ ಸ್ಟೇನ್‌ಲೆಸ್ ಅತ್ತ ಎಳೆದುಕೊಳ್ಳುತ್ತದೆ. ಕಾದ ಲೋಹಕ್ಕೆ ಗಾಳಿ ತಾಗದಿರಲಿ ಅಂತ ಎರಡೂ ಬಾಯಿಗೆ ಫಾಯಿಲ್ ಅಂಟಿಸಿ ಪೈಪಿನೊಳಗೂ ಆರ್ಗಾನ್ ಬಿಟ್ಟಿದ್ದರು. ಬಿಡದಿದ್ದರೆ ಹೊರಗೆ ನುಣುಪಾಗಿ ಕಂಡರೂ ಒಳಗೆ ಕರ್ರಗೆ ಹರಳುಗಟ್ಟುತ್ತದೆ, ಸೀಳು ಅಲ್ಲಿಂದಲೇ ಶುರು. ಮುಗಿದಾಗ ಬೆಸುಗೆ ಬಂಗಾರದ ಬಣ್ಣ, ಅಂಚಿನಲ್ಲಿ ಚೂರು ನೀಲಿ. ಬೂದಿ ಬಣ್ಣ ಬಂದಿದ್ದರೆ ಜಾಸ್ತಿ ಕಾದಿದೆ ಅಂತ ಅರ್ಥವಂತೆ.

ಆಮೇಲೆ ಜೋಡಣೆ. ಟರ್ಬೊ ಕಡೆಯಿಂದ ಹಿಂದಕ್ಕೆ ಎಲ್ಲ ಕ್ಲ್ಯಾಂಪುಗಳನ್ನೂ ಅರ್ಧ ಬಿಗಿ ಮಾಡುತ್ತಾ ಬಂದು, ಗಾಡಿ ಅಲ್ಲಾಡಿಸಿ, ಪೈಪು ತನ್ನ ಜಾಗ ಹಿಡಿದ ಮೇಲೆ ಮತ್ತೆ ಮುಂದಿನಿಂದ ಪೂರ್ತಿ ಬಿಗಿ. ಹಿಂದೆ ಹೋಗಿ ನಿಂತು ನೋಡಿದರೆ ಎಡ ತುದಿ ಮೇಲೆ, ಬಲ ತುದಿ ಕೆಳಗೆ, ಒಂದು ಕಡೆ ಮಾತ್ರ ಟ್ರಿಮ್ ಮಾಡಿದ ಮೀಸೆಯ ಹಾಗೆ. ಕ್ಲ್ಯಾಂಪ್ ಸಡಿಲಿಸಿ ಸೈಲೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿದರೆ ಹಿಂದಿನ ತುದಿಯಲ್ಲಿ ಅದು ಬೆರಳಗಲ ಆಗುತ್ತದೆ. ಸಂಜೆಯೆಲ್ಲ ಇದೇ ಆಟ.

ತುದಿ ಬಂಪರಿಗೆ ಎಷ್ಟು ಹತ್ತಿರ ಇರಬಹುದು ಅನ್ನುವುದಕ್ಕೆ ಒಂದು ಲೆಕ್ಕ ಇದೆ. 304 ಸ್ಟೇನ್‌ಲೆಸ್ ಒಂದು ಮೀಟರ್ ಉದ್ದಕ್ಕೆ, ಪ್ರತಿ ನೂರು ಡಿಗ್ರಿ ಬಿಸಿಗೆ, ಸುಮಾರು 1.7 ಮಿ.ಮೀ. ಬೆಳೆಯುತ್ತದೆ. ಮೂರು ಮೀಟರ್ ಪೈಪು, ಸರಾಸರಿ 250 ಡಿಗ್ರಿ ಏರಿದರೆ ಒಂದು ಸೆಂಟಿಮೀಟರಿಗೂ ಮೇಲೆ. ಟರ್ಬೊ ಕಡೆ ಕಟ್ಟಿಹಾಕಿರುವುದರಿಂದ ಅಷ್ಟೂ ಬರುವುದು ಹಿಂದಕ್ಕೇ. ನಾವು ತಣ್ಣಗಿದ್ದಾಗ ರಬ್ಬರುಗಳು ಚೂರು ಮುಂದಕ್ಕೆ ವಾಲುವ ಹಾಗೆ ಬಿಟ್ಟೆವು, ಬಿಸಿಯಾದಾಗ ನೆಟ್ಟಗಾಗಲಿ ಅಂತ. ನೈಸ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ನೋಡಿದರೆ ಹಾಗೇ ಆಗಿತ್ತು.

ಹಂಪ್‌ಗಳ ವಿಷಯ ಬೇರೆ ಊರಿನ ಪಾರ್ಟ್ಸ್ ಮಾಡುವವರಿಗೆ ಗೊತ್ತಿರುವುದಿಲ್ಲ. ಮೂರು ಇಂಚಿನ ಪೈಪಿಗಿಂತ ಮೊದಲು ನೆಲಕ್ಕೆ ತಾಗುವುದು ಕ್ಲ್ಯಾಂಪಿನ ಬೋಲ್ಟ್. ಬೋಲ್ಟ್ ಕೆಳಮುಖ ಇದ್ದರೆ ಜಯನಗರದ ಒಂದೇ ಅಡ್ಡರಸ್ತೆಯಲ್ಲಿ ಅದರ ತಲೆ ಸವೆಯುತ್ತದೆ. ನಮ್ಮದನ್ನು ಪಕ್ಕಕ್ಕೆ, ಮೇಲ್ಮುಖವಾಗಿ ತಿರುಗಿಸಿದ್ದೇವೆ.

ಸದ್ದು? ಹೊರಗೆ ಗಂಭೀರ, ಒಳಗೆ 2400 ಆರ್‌ಪಿಎಂ ಹತ್ತಿರ ಒಂದು ಗುಂಯ್. ನಾಲ್ಕು ಸಿಲಿಂಡರ್ ಇಂಜಿನ್ ಆ ವೇಗದಲ್ಲಿ ಸೆಕೆಂಡಿಗೆ 80 ಸಲ ಹೊಡೆಯುತ್ತದೆ, ಆ 80 ಹರ್ಟ್ಜ್ ಕ್ಯಾಬಿನ್ನಿಗೆ ಹಿಡಿಸಿಬಿಟ್ಟಿದೆ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ನೂರರಲ್ಲಿ ಹೋಗುವಾಗ ಅದರ ಹತ್ತಿರ ಹತ್ತಿರವೇ ಇರುತ್ತೇವೆ. ನನ್ನ ಹೆಂಡತಿ ಹಾಡಿನ ಸದ್ದು ಹೆಚ್ಚಿಸುತ್ತಾಳೆ, ಏನೂ ಹೇಳುವುದಿಲ್ಲ.

ಕಾನೂನಿನ ಮಾತು ಮುಚ್ಚಿಡುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಬೈಕಿನ ಸೈಲೆನ್ಸರುಗಳನ್ನು ಪೊಲೀಸರು ರೋಡ್ ರೋಲರ್ ಹತ್ತಿಸಿ ಚಪ್ಪಟೆ ಮಾಡುವ ವಿಡಿಯೊ ನೀವೂ ನೋಡಿರುತ್ತೀರಿ. ಹಳೇ ಪೈಪುಗಳನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಗುಜರಿಗೆ ಕೊಟ್ಟಿಲ್ಲ, ನೀವೂ ಕೊಡಬೇಡಿ.

ಮಾರಿದವರು ಮೊನ್ನೆ ಫೋನ್ ಮಾಡಿದ್ದರು. ಸರಿಯಾದ ನಡುವಿನ ಪೈಪ್ ಬಂದಿದೆಯಂತೆ, ಹಳೆಯದನ್ನು “ಕತ್ತರಿಸದೆ, ಡಬ್ಬದ ಸಮೇತ” ವಾಪಸ್ ಕೊಟ್ಟರೆ ಕೊಡುತ್ತಾರಂತೆ. ಬೆಸುಗೆಯ ಫೋಟೊ ಕಳಿಸಿದ್ದೇನೆ. ಈ ಸಲವೂ ನೀಲಿ ಟಿಕ್ ಬಂದಿದೆ.