ಅವ್ವ ಹೊತ್ತ ಹರಕಿ

ಜುಲೈ 7, 2025, ಸೋಮವಾರ ರಾತ್ರಿ, ಗಂಗಾವತಿ

ನಿನ್ನೆ ಸಂಜಿಕ ಊರಾಗ ಮೊಹರಮ್ ದೇವರು, ಪಂಜಾಗೋಳು, ದಫನ್ ಆಗಿ ಹಬ್ಬ ಮುಗೀತು, ಇವತ್ತು ಮುಂಜಾನೆ ಮೊದಲನೇ ಬಸ್ಸಿಗೆ ಊರಿಂದ ಬಂದು ನೆಟ್ಟಗ ಸಾಲಿಗೆ ಹೋದೆ. ಪಾಠ ಆತು, ಬಿಸಿಯೂಟ ಆತು, ಏನೋ ಒಂದು ಮೀಟಿಂಗೂ ಆತು. ಆದ್ರ ತಲಿಯೊಳಗ ತಮ್ಮ, ನಮ್ಮ ಕಾಕಿ ಮಗ, ರಾತ್ರಿ ಅಂದಿದ್ದು ಒಂದೇ ಮಾತು ಕುಂತೈತಿ, ಅದನ್ನ ಬರೀಲಿಲ್ಲಂದ್ರ ಇವತ್ತು ನಿದ್ದಿ ಬರಂಗಿಲ್ಲ.

ಅಣ್ಣ ಈ ಸಲ ಮೊಹರಮ್‌ಗೆ ಬರಲಿಲ್ಲ. ಬೆಂಗಳೂರಾಗ ಕೆಲಸ ಐತಿ ಅಂದ. ಕೆಲಸ ಪ್ರತಿ ವರ್ಷ ಇರ್ತಿತ್ತು, ಆದ್ರೂ ಖತಲ್ ರಾತ್ರಿಗೆ, ಅಂದ್ರ ದಫನ್ ಹಿಂದಿನ ರಾತ್ರಿಗೆ, ಎಷ್ಟೊತ್ತಾದ್ರೂ ಬಂದು ಮುಟ್ಟತಿದ್ದ, ಬಂದವನೇ ಬ್ಯಾಗು ಕಟ್ಟಿಮ್ಯಾಲೆ ಒಗದು ಹೆಜ್ಜಿ ಹಾಕಾವ್ರ ನಡುವ ಹೊಕ್ಕು ಬಿಡ್ತಿದ್ದ. ಯಾಕ ಬರಲಿಲ್ಲ ಅಂತ ಮನ್ಯಾಗ ಎಲ್ಲಾರ್ಗೂ ಗೊತ್ತೈತಿ, ಯಾರೂ ಬಾಯಿಬಿಟ್ಟು ಅನ್ನಲಿಲ್ಲ.

ಜಗಳ ಶುರುವಾಗಿದ್ದು ಜನವರಿಯಾಗ, ಒಂದು ಚೀನಾ ಆ್ಯಪಿನಿಂದ ಅಂದ್ರ ಈಗ ಯಾರೂ ನಂಬಂಗಿಲ್ಲ. ಡೀಪ್‌ಸೀಕ್ ಅಂತ, ಪ್ರಶ್ನಿ ಕೇಳಿದ್ರ ಉತ್ತರ ಕೊಡೋ ಎಐ, ಬಂತಲ್ಲ, ಜನವರಿ 20ಕ್ಕ ಅವರು ಆರ್1 ಅನ್ನೋ ಹೊಸ ಎಐ ಬಿಟ್ರು, ಮುಂದಿನ ಸೋಮವಾರ ಅಮೆರಿಕದಾಗ ಎಐ ಚಿಪ್ ಮಾಡೋ ಎನ್ವಿಡಿಯಾ ಕಂಪನಿ ಶೇರು ಒಂದೇ ದಿನಕ್ಕ ಶೇಕಡಾ 17 ಬಿತ್ತು, ಹತ್ತಿರ ಹತ್ತಿರ 600 ಬಿಲಿಯನ್ ಡಾಲರ್ ಕರಗಿ ಹೋತು. ಅಣ್ಣ ಅವತ್ತ ರಾತ್ರಿ ಮನಿ ಗ್ರೂಪಿನ್ಯಾಗ ಉದ್ದಕ ಬರದ. ಅಮೆರಿಕ 2022ರಿಂದ ಚೀನಾಕ್ಕ ಚಲೋ ಚಿಪ್ ಹೋಗಬಾರದು ಅಂತ ತಡದೈತಿ, ಆದ್ರೂ ಸಿಕ್ಕಿದ್ರಾಗ ಮಾಡಿ ತೋರಿಸ್ಯಾರ, ಮ್ಯಾಲ ಯಾರು ಬೇಕಾದ್ರೂ ಇಳಿಸ್ಕೋರಿ ಅಂತ ಬಿಚ್ಚಿ ಇಟ್ಟಾರ, ನಾವು ಯಾವಾಗ ಮಾಡೋದು, ಬರೇ ಬಳಸ್ಕೋತ ಕುಂದ್ರೋದೇನು ಅಂತ. ಅವನ ಸಂಕಟ ನನಗ ತಿಳೀತು. ಅವ ಅದೇ ಕೆಲಸದಾಗ ಅದಾನ, ರಾತ್ರಿ ಹಗಲು ಅದನ್ನ ನೋಡ್ತಾನ.

ತಮ್ಮ ಅದಕ್ಕ ಒಂದು ಸ್ಕ್ರೀನ್‌ಶಾಟ್ ಹಾಕಿದ. ಅರುಣಾಚಲ ಪ್ರದೇಶದ ಬಗ್ಗೆ ಕೇಳಿದ್ರ ಅದು ಬ್ಯಾರೆ ವಿಷಯ ಮಾತಾಡೋಣ ಅಂತೈತಿ, ಇದನ್ನ ತಲಿಮ್ಯಾಲ ಹೊತ್ಕೊಂಡು ಕುಣೀತಿಯೇನು ಅಂತ ಬರದ. ಇದೂ ಖರೆನ. ಆವಾಗ ಪೇಪರಿನ್ಯಾಗೂ ಅದು ಬಂದಿತ್ತು. ಚಾಟ್‌ಜಿಪಿಟಿ, ಡೀಪ್‌ಸೀಕ್ ಎರಡನ್ನೂ ಆಫೀಸ್ ಕಂಪ್ಯೂಟರಿನ್ಯಾಗ ಹಾಕಬ್ಯಾಡ್ರಿ ಅಂತ ನಮ್ಮ ಹಣಕಾಸು ಸಚಿವಾಲಯ ತನ್ನ ನೌಕರರಿಗೆ ಹೇಳಿದ್ದೂ ಆ ದಿನಗಳಾಗ. ಒಬ್ಬ ಕೇಳಿದ್ದು ನಾವು ಯಾಕ ಮಾಡವಲ್ವಿ ಅಂತ, ಇನ್ನೊಬ್ಬ ಕೇಳಿದ್ದು ಅದನ್ನ ನಂಬಬಹುದೇನು ಅಂತ. ಎರಡೂ ಬೇಕಾದ ಪ್ರಶ್ನಿ, ಒಂದಕ್ಕೊಂದು ಡಿಕ್ಕಿನೇ ಹೊಡಿಯಂಗಿಲ್ಲ. ನಾ ಇದನ್ನ ಗ್ರೂಪಿನ್ಯಾಗ ಬರದೆ, ಯಾರೂ ಓದಲಿಲ್ಲ ಅನಸ್ತೈತಿ, ಅಷ್ಟೊತ್ತಿಗೆ ಅಣ್ಣ "ನಿನ್ನಂಥವರಿಗೆ ಇದು ತಿಳಿಯಂಗಿಲ್ಲ ಬಿಡು" ಅಂತ ಟೈಪ್ ಮಾಡಿ ಬಿಟ್ಟಿದ್ದ.

ನಿನ್ನಂಥವರಿಗೆ. ಇದೊಂದು ಶಬ್ದಕ್ಕ ಆರು ತಿಂಗಳಿಂದ ಮನಿ ಒಡದೈತಿ. ಟ್ರ್ಯಾಕ್ಟರ್ ಹೊಡಿಯೋ ತಮ್ಮ, ಪಿಯುಸಿಗೆ ಬಿಟ್ಟ ತಮ್ಮ. ಅವ ಟಿಕ್‌ಟಾಕಿನ್ಯಾಗ ಮೊಹರಮ್‌ನ ಅಲಾಯಿ ಹೆಜ್ಜಿ ಹಾಕಿದ ವಿಡಿಯೋ ಎಷ್ಟ ಹಾಕಿದ್ದ, ದೂರ ದೂರದಿಂದ ಮಂದಿ ಕಮೆಂಟ್ ಹಾಕ್ತಿದ್ರು. 2020ರ ಜೂನ್ 29ಕ್ಕ 59 ಚೀನಾ ಆ್ಯಪ್ ಬಂದ್ ಮಾಡಿದ್ರಲ್ಲ ಗಲ್ವಾನ್ ಆದ ಮ್ಯಾಲ, ಅವತ್ತ ಅವನ ಎಲ್ಲಾ ವಿಡಿಯೋ ಹೋದ್ವು. ಒಂದು ಮಾತು ಗೊಣಗಲಿಲ್ಲ, ಗಡಿಯಾಗ ಸತ್ತೋರ ಮುಂದ ಇದೇನು ದೊಡ್ಡದಕ್ಕಾ ಅಂದಿದ್ದ. ಅಂಥವಂಗ ಚೀನಾ ಅಂದ್ರ ಏನು ಅನ್ನೋದು ಬ್ಯಾರೆನೇ ಇರ್ತೈತಿ, ಅದನ್ನ ಅಣ್ಣ ತಿಳ್ಕೋಬೇಕಿತ್ತು.

ಆಮ್ಯಾಲ ರಾಜಕೀಯ ಬಂತು, ಬರದ ಬಿಡ್ತೈತೇನು. ಹಿಂದಿನ ವರ್ಷದ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಕತಿ ತಗದ್ರು. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಗೇಟ್ ಕೊಚ್ಕೊಂಡು ಹೋಗಿತ್ತಲ್ಲ, ತುಂಬಿದ ಡ್ಯಾಂ, ಒತ್ತಡ ಕಮ್ಮಿ ಮಾಡಾಕ 33 ಗೇಟೂ ತಗದು ನೀರು ಬಿಟ್ಟಿದ್ರು. ಆ ವಾರ ನಮ್ಮೂರಾಗ ಯಾರೂ ಸರಿಯಾಗಿ ಮಲಗಿಲ್ಲ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಬಂದು, ಹರಿಯೋ ನೀರಾಗ ಗೇಟಿನ ಬದಲಿಗೆ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ತುಂಡು ಇಳಿಸಿದ್ರಲ್ಲ, ಅವತ್ತ ದೊಡ್ಡಪ್ಪ ಟಿವಿ ಮುಂದ ಕೈ ಮುಗದು ಕುಂತಿದ್ದ. ಆಮ್ಯಾಲ ದೇವರ ದಯೆ, ಮಳಿ ಬಂತು, ಡ್ಯಾಂ ಮತ್ತ ತುಂಬ್ತು. ಅದಾಗಿ ಆರು ತಿಂಗಳಾದ ಮ್ಯಾಲ ಇವರಿಬ್ಬರೂ ಅದನ್ನ ಹಿಡ್ಕೊಂಡು, ತಪ್ಪು ರಾಜ್ಯ ಸರ್ಕಾರದ್ದು ಅಂತ ಒಬ್ಬ, ಡ್ಯಾಂ ನೋಡ್ಕೊಳ್ಳೋದು ತುಂಗಭದ್ರಾ ಬೋರ್ಡು, ಅದು ಕೇಂದ್ರದ ಕೆಳಗ ಬರ್ತೈತಿ, ಅವರದು ಅಂತ ಒಬ್ಬ. ರಾತ್ರಿ ಒಂದು ಗಂಟಿ ತನಕ. ಆ ಚೈನಿಗೆ ಎಷ್ಟು ವಯಸ್ಸಾಗಿತ್ತು, ಉಳಿದ 32ಕ್ಕೂ ಅಷ್ಟೇ ವಯಸ್ಸಲ್ಲೇನು, 1953ರಿಂದ ನೀರು ತಡಕೊಂಡು ನಿಂತ ಡ್ಯಾಮು, ಈಗ ಅವನ್ನೆಲ್ಲಾ ಬದಲಿ ಮಾಡೋದು ಯಾವಾಗ ಅಂತ ಒಬ್ಬರೂ ಕೇಳಲಿಲ್ಲ. ಈ ವರ್ಷ ಗೇಟಿನ ಭಯಕ್ಕ 80 ಟಿಎಂಸಿಗಿಂತ ಜಾಸ್ತಿ ನಿಲ್ಲಸಂಗಿಲ್ಲ ಅಂತ ಮಾಡ್ಯಾರ, 105 ಹಿಡಿಯೋ ಡ್ಯಾಮು. ಎರಡನೇ ಬೆಳಿ ಏನಾಗ್ತೈತಿ ಅನ್ನೋದು ತಮ್ಮನ ಹೊಟ್ಟಿ ಪ್ರಶ್ನಿ. ಅವನೂ ಕೇಳಲಿಲ್ಲ, ಯಾಕಂದ್ರ ಅಣ್ಣನ್ನ ಸೋಲಸೋದು ಆ ಹೊತ್ತಿನಾಗ ಭತ್ತಕ್ಕಿಂತ ದೊಡ್ಡದಾಗಿತ್ತು. ಅದ ನನಗ ಅಂಜಿಕಿ ಬರಸೂದು.

ಒಂದು ಕಾಲಕ್ಕ ಇವರಿಬ್ಬರೂ ಒಂದೇ ಕಡೆ ಇದ್ರು. 2021ರ ರಾಮನವಮಿಗೆ ಟಿಟಿಡಿಯವರು ಹನುಮ ಹುಟ್ಟಿದ್ದು ತಿರುಮಲದ ಅಂಜನಾದ್ರಿಯೊಳಗ ಅಂತ ಹೇಳಿದ್ರಲ್ಲ, ಕೊರೊನಾ ಟೈಮು, ಎಲ್ಲಾರೂ ಮನ್ಯಾಗ. ಅಣ್ಣ ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಿದ್ದ. ಇಬ್ಬರೂ ಒಂದೇ ಕಟ್ಟಿಮ್ಯಾಲ ಕುಂತು, ಆನೆಗುಂದಿ ಪಕ್ಕದ ನಮ್ಮ ಬೆಟ್ಟನ ಖರೆ ಅಂಜನಾದ್ರಿ, ಪಂಪಾ ಸರೋವರ ಇಲ್ಲೈತಿ, ಋಷ್ಯಮೂಕ ಇಲ್ಲೈತಿ, ಕಿಷ್ಕಿಂಧೆ ಇಲ್ಲೈತಿ ಅಂತ ತೆಲುಗು ಹುಡುಗ್ರ ಕೂಡ ಕಾದಾಡಿದ್ರು. ಅಣ್ಣ ಇಂಗ್ಲಿಷಿನ್ಯಾಗ ಬರದು ಕೊಡ್ತಿದ್ದ, ತಮ್ಮ ಬೆಟ್ಟದ ಫೋಟೋ ಹಾಕ್ತಿದ್ದ. ಮೇ ತಿಂಗಳಾಗ ಇಲ್ಲಿಂದ ಗೋವಿಂದಾನಂದ ಸರಸ್ವತಿ ಸ್ವಾಮಿಗಳು ತಿರುಪತಿಗೆ ಹೋಗಿ ಚರ್ಚೆ ಮಾಡಿ ಬಂದ್ರು, ಅಲ್ಲಿ ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಒಪ್ಪಿಸೋದು ಹೆಂಗ? ಮರು ವರ್ಷ ನಾಸಿಕದವರೂ ತಮ್ಮ ಅಂಜನೇರಿ ಅಂತ ಎದ್ರು. ನಮ್ಮ ಮಂದಿ 575 ಮೆಟ್ಲ ಹತ್ತೋದು ಒಂದು ದಿನ ಕಮ್ಮಿ ಆಗಲಿಲ್ಲ, ಅಲ್ಲಿ ತಿಮ್ಮಪ್ಪನ ಬೆಟ್ಟ ಹತ್ತೋರೂ ಕಮ್ಮಿ ಆಗಲಿಲ್ಲ. ನಮ್ಮ ದೊಡ್ಡವ್ವನ ಎರಡಕ್ಕೂ ಹೋಗಿ ಬಂದಾಳ.

ನನಗ ಅನಸೋದು ಏನಂದ್ರ, ಎರಡು ಆ್ಯಪಿನ್ಯಾಗ ಯಾವುದು ಚಲೋ ಅಂತ ಕೇಳಿದ್ರ ಒಂದೇ ಲೆಕ್ಕ ಎರಡಕ್ಕೂ ಕೊಟ್ಟು ನೋಡಬಹುದು. ಗೇಟ್ ಯಾಕ ಮುರೀತು ಅಂದ್ರ ಇಂಜಿನಿಯರ್ ಕಡೆಯಿಂದ ತಿಳ್ಕೋಬಹುದು, ತಡ ಆದೀತು, ತಿಳಿತೈತಿ. ನಂಬಿಕಿಗೆ ಹಂಗ ಒರಿಹಚ್ಚಿ ನೋಡೋ ಕಲ್ಲು ಇಲ್ಲ. ಆದ್ರ ಇವರು ಮೂರಕ್ಕೂ ಒಂದೇ ಬಾಯಿ, ಒಂದೇ ಸಿಟ್ಟು, ಒಂದೇ ಸ್ಕ್ರೀನ್‌ಶಾಟ್ ಹಿಡ್ಕೊಂಡು ಹೋಗ್ತಾರ. ನಾ ವಿಜ್ಞಾನ ಕಲಸಾಕಿ, ಪ್ರಶ್ನಿ ಕೇಳಬ್ಯಾಡ್ರಿ ಅಂತ ಎಂದೂ ಅನ್ನಂಗಿಲ್ಲ, ಹುಡುಗ್ರಿಗೆ ದಿನಾ ಕೇಳ್ರಿ ಅಂತೀನಿ. ಕೇಳೋ ರೀತಿ ಐತಲ್ಲ.

ಈಗ ನಿನ್ನೆ ಮಾತು.

ತಮ್ಮ ಈ ಸಲನೂ ಫಕೀರ ಆಗಿದ್ದ. ಕೊಳ್ಳಾಗ ಕೆಂಪು ಲಾಡಿ, ಹರಕಿ ದಾರ. ಅವಂಗ ಎರಡು ವರ್ಷ ಇದ್ದಾಗ ಜ್ವರ ಬಂದು ಇಳಿಯವಲ್ದಾಗಿತ್ತು, ಅವನ ಅವ್ವ, ನಮ್ಮ ಕಾಕಿ, ಮೊಹರಮ್ ದೇವರು ಹಾಸೇನ ಹುಸೇನಪ್ಪಗ ಹರಕಿ ಹೊತ್ತಿದ್ಲು, ಹುಡುಗ ಉಳದ್ರ ವರ್ಷಾ ಫಕೀರ ಮಾಡ್ತೀನಿ ಅಂತ. ಕಾಕಿ ಈಗಿಲ್ಲ. ಅವ ಬಿಟ್ಟಿಲ್ಲ. ಇದೇ ತಮ್ಮ ಎಲೆಕ್ಷನ್‌ನಾಗ ಕೇಸರಿ ಶಾಲು ಹಾಕ್ಕೊಂಡು ತಿರಗತಾನ, ಡಿಸೆಂಬರಿನ್ಯಾಗ ಹನುಮಮಾಲೆ ಹಾಕ್ತಾನ, ಶ್ರಾವಣದಾಗ ಕೊಪ್ಪಳದ ಗವಿಮಠಕ್ಕ ನಡಕೋತ ಹೋಗ್ತಾನ. ನಮ್ಮ ಕಡೆ ಇದನ್ನ ಯಾರೂ ವಿಚಿತ್ರ ಅನ್ನಂಗಿಲ್ಲ. ಮುದಗಲ್ಲಿಗೆ ಹೋಗಿ ನೋಡ್ರಿ ಮೊಹರಮ್‌ನಾಗ, ಯಾರು ಯಾವ ಜಾತಿ ಅಂತ ತಗಿಯಾಕ ಬರಂಗಿಲ್ಲ. ಒಂದು ಮುಸಲರ ಮನಿ ಇಲ್ಲದ ಊರಾಗೂ ಕೆಂಡದ ಅಲಾಯಿ ಕುಣಿ ತಗೀತಾರ, ಕರ್ಬಲಾ ಕತಿಯ ರಿವಾಯತ್ ಪದ ಹಾಡ್ತಾರ, ಚೊಂಗೆ ಅನ್ನೋ ಸಿಹಿ ಮಾಡ್ತಾರ.

ಹೋದ ವಾರ ಸೋದರತ್ತಿ ಅಳಿಯ, ರಾಯಚೂರಿನವರು, ಗ್ರೂಪಿನ್ಯಾಗ ಒಂದು ಫಾರ್ವರ್ಡ್ ಹಾಕಿದ್ರು. ಹಣಿಮ್ಯಾಲ ವಿಭೂತಿ, ಕೊಳ್ಳಾಗ ಲಾಡಿ, ಇಂಥವರಿಂದ ಧರ್ಮ ಹಾಳಾಗೈತಿ ಅಂತ. ಹೆಸರು ಇರಲಿಲ್ಲ, ಬೇಕಾಗಿರಲೂ ಇಲ್ಲ. ಅದಕ್ಕ ಅಣ್ಣ ಏನ್ ಬರದ? ಅಳಿಯಗ ಎದುರು ಬರದಾನ ಅಂತ ತಿಳ್ಕೊಂಡೆ. ಅವ ಬರದದ್ದು, ಕೆಂಡ ತುಳದ್ರ ಕಾಲು ಯಾಕ ಸುಡಂಗಿಲ್ಲ ಅನ್ನೋದಕ್ಕ ಒಂದು ವಿಡಿಯೋ, ಬೂದಿ ಶಾಖ ಕಮ್ಮಿ ದಾಟಸ್ತೈತಿ, ಕಾಲು ಕೆಂಡದ ಮ್ಯಾಲ ಇರೋದು ಗಳಿಗಿ ಹೊತ್ತು, ಇದ್ರಾಗ ಪವಾಡ ಇಲ್ಲ ಅಂತ. ಆ ಭೌತಶಾಸ್ತ್ರ ಖರೆ, ನಾನ ಒಂಬತ್ತನೇತ್ತಕ್ಕ ಹೇಳ್ತೀನಿ. ಆದ್ರ ಆ ಹೊತ್ತಿಗೆ, ಆ ಹುಡುಗಗ?

ದಫನ್ ಆಗಿ ಎಲ್ಲಾರೂ ಮನಿಗೆ ಹೋದ ಮ್ಯಾಲ ತಮ್ಮ ಮಸೂತಿ ಕಟ್ಟಿಮ್ಯಾಲ ಕುಂತಿದ್ದ. ನಾ ಹೋಗಿ ಚಾ ಕೊಟ್ಟೆ. ಕುಣಿಗೆ ಮಣ್ಣು ಮುಚ್ಚಾಕತ್ತಿದ್ರು.

"ಅಕ್ಕಾ, ಒಬ್ಬ ಅಂತಾನ ಇದು ನಿನ್ನ ಧರ್ಮ ಅಲ್ಲ, ಇನ್ನೊಬ್ಬ ಅಂತಾನ ಇದು ಮೂಢನಂಬಿಕಿ. ನಾ ಇಬ್ಬರಿಗೂ ಉತ್ತರ ಟೈಪ್ ಮಾಡಿ ಮಾಡಿ ಅಳಿಸಿದೆ. ಅವ್ವ ಹೊತ್ತ ಹರಕಿ ಅದು. ಅದನ್ನ ನಾ ಯಾರ ಮುಂದ ಪ್ರೂವ್ ಮಾಡ್ಲಿ?"

ನಾ ಸುಮ್ನ ಕುಂತೆ. ಏನ್ ಹೇಳ್ಬೇಕು ಅದಕ್ಕ.

"ನನ್ನ ಪಾರ್ಟಿ ಹುಡುಗ್ರೂ ಕೇಳಾಕತ್ಯಾರ. ಮೊದ್ಲ ಕೇಳ್ತಿರಲಿಲ್ಲ. ಅವರೂ ಸಣ್ಣವರಿದ್ದಾಗ ಇಲ್ಲೇ ಹೆಜ್ಜಿ ಹಾಕಿದವ್ರು." ಆಮ್ಯಾಲ ದೇವರ ಸೇವೆ ಮಾಡೋ ಮುಜಾವರ್ ತಾತನ ಮೊಮ್ಮಗನ ಕಡೆ ಕೈ ತೋರಿಸಿದ, ಅವ ಆ ಕಡೆ ಹಗ್ಗ ಸುತ್ತಾಕತ್ತಿದ್ದ. "ಅವಂಗೂ ಹಂಗ ಆಗೈತಿ. ಹೈದರಾಬಾದಿನ್ಯಾಗ ಅವನ ಗೆಳ್ಯಾರು, ಪಂಜಾಕ್ಕ ಕೈ ಮುಗಿಯೋದು ದೀನ್‌ದಾಗ ಇಲ್ಲ, ಬಿಡು ಅಂತ ದಿನಾ ಮೆಸೇಜ್ ಹಾಕ್ತಾರಂತ. ತಾತಗ ಹೇಳಬ್ಯಾಡ ಅಂದಾನ. ನಾವಿಬ್ಬರೂ ನಿನ್ನೆ ರಾತ್ರಿ ಫೋನ್ ಸ್ವಿಚ್ ಆಫ್ ಮಾಡಿ ಡೋಲಿ ಹೊತ್ವಿ."

ಅಣ್ಣನ ಬಗ್ಗೆ ಕೇಳಿದೆ. ಸಿಟ್ಟಿಲ್ಲ ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಳಿಯಾಂದು ನನಗ ನೋವಾಗಿಲ್ಲ ಅಕ್ಕಾ, ಅವರು ಹೊರಗಿನವರು. ಅಣ್ಣಗ ನನ್ನ ಜ್ವರದ, ಅವ್ವನ ಹರಕಿ ಕತಿ ಗೊತ್ತೈತಿ. ಅವತ್ತ ಕೂಸನ್ನ ಎತ್ಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದವ ಅವನ" ಅಂದ.

ಅಣ್ಣ ಒಂದ್ಸಲ ನನಗ ಆ ಎಐ ಬಳಸೋದು ಕಲಸಿದ್ದ, ಪ್ರಶ್ನೆಪತ್ರಿಕೆ ಮಾಡಾಕ. ಸುಮ್ನ ಕೇಳಿದ್ರ ಅಡ್ಡಾದಿಡ್ಡಿ ಹೇಳ್ತೈತಿ, ನೀ ಯಾರು, ಯಾವ ಕ್ಲಾಸು, ಮಕ್ಕಳಿಗೆ ಏನ್ ಬರ್ತೈತಿ ಅಂತ ಮೊದ್ಲ ಪೂರ್ತಿ ಹೇಳು, ತಪ್ಪಾದ್ರ ಸಿಟ್ಟಾಗಬ್ಯಾಡ, ಮತ್ತ ಬ್ಯಾರೆ ರೀತಿ ಕೇಳು ಅಂತ. ಎಷ್ಟು ತಾಳ್ಮಿಯಿಂದ ಹೇಳಿಕೊಟ್ಟ! ಆ ತಾಳ್ಮಿ ಅವನ ಹಂತೇಕ ಐತಿ, ನಾ ಕಂಡೀನಿ.

ಸಂಜಿಮುಂದ ಅವನ ಫೋನ್ ಬಂತು. ದೊಡ್ಡವ್ವನ ಬಿಪಿ ಗುಳಗಿ ತಂದ್ಯೇನು ಅಂತ ಕೇಳಿದ, ಕಾಲುವಿಗೆ ನೀರು ಯಾವಾಗ ಬಿಡ್ತಾರಂತ ಅಂತ ಕೇಳಿದ. ಆಮ್ಯಾಲ "ಅವ ಕುಣಿ ತುಳದನೇನು?" ಅಂದ. ತುಳದ ಅಂದೆ. "ಕಾಲಿಗೆ ಏನೂ ಆಗಿಲ್ಲಲ್ಲ?" ಅಂದ. ಇಲ್ಲ ಅಂದೆ. ನೀನ ಕೇಳಲ್ಲ ಅವನ್ನ ಅನ್ನೋದ್ರೊಳಗ ಆಫೀಸಿನ ಕಾಲ್ ಬಂತು ಅಂತ ಇಟ್ಟ.

ಗ್ರೂಪಿನ್ಯಾಗ ಅಳಿಯನ ಫಾರ್ವರ್ಡ್ ಇನ್ನೂ ಹಂಗ ಐತಿ. ಅಡ್ಮಿನ್ ನಾನ. ತಗದ್ರ ಸತ್ಯ ಮುಚ್ಚಿದ್ಲು ಅಂತಾರ, ಸೋದರತ್ತಿ ನನ್ನ ಕೂಡ ಮಾತು ಬಿಡ್ತಾಳ, ಬಿಡ್ಲಿ. ಅದನ್ನ ತಗೀತೀನಿ, ಅದರಾಗ ಎರಡು ಮಾತಿಲ್ಲ. ಆದ್ರ ಸುಮ್ನ ತಗದು ಬಿಟ್ರ ಅದು ಇರಲೇ ಇಲ್ಲ ಅನ್ನಂಗ ಆಗ್ತೈತಿ. ತಗಿಯಾಕ ಮೊದ್ಲ ಕಾಕಿ ಹೆಸರು ಹಾಕಿ ಆ ಜ್ವರದ ರಾತ್ರಿದು, ಯಾರು ಎತ್ಕೊಂಡು ಓಡಿದ್ರು, ಮುಜಾವರ್ ತಾತ ಯಾಕ ಬಸ್ಸಿನ ತನಕ ಬಂದಿದ್ರು, ಅದನ್ನೆಲ್ಲಾ ಬರೀಬೇಕು ಅಂತ ಕುಂತೀನಿ, ತಮ್ಮನ್ನ ಒಂದು ಮಾತು ಕೇಳೇ ಬರೀಬೇಕು, ಅವ ಬ್ಯಾಡ ಅಂದ್ರ