ಕುದುರೆ ಮೇಲೆ, ಹೀರೋ ನೆಲದೊಳಗೆ

ನಿನ್ನೆ ರಾತ್ರಿ ಇಳಕಲ್ಲಿನ ಕಾಕಾರ ಮನೆಯಲ್ಲಿ ಕೂತು ಹೊಸ ಗೇಮ್ ಶುರು ಮಾಡಿದೆ. ನಾಲ್ಕು ಸಾವಿರ ರೂಪಾಯಿ ಕೊಟ್ಟದ್ದು! ಮೊದಲು 40 ಜಿಬಿ ಪ್ಯಾಚ್, ಅಂದ್ರೆ ಗೇಮಿನ ತಪ್ಪು ಸರಿಮಾಡೋ ಫೈಲು, ಇಳಿಸಿಕೋ ಅಂತು. ಇಳಿಯುವಷ್ಟರಲ್ಲಿ ಮಧ್ಯರಾತ್ರಿ. ಆಮೇಲೆ ಹೀರೋ ಕುದುರೆ ಹತ್ತಿದವನು ಸೀದಾ ನೆಲದೊಳಗೆ ಮುಳುಗಿದ. ಕುದುರೆ ಮಾತ್ರ ಆರಾಮಾಗಿ ಮೇಲೆ ನಿಂತಿತ್ತು.

ಹೊಸದೇನಲ್ಲ ಬಿಡಿ. 2020ರ ಡಿಸೆಂಬರ್ 10ಕ್ಕೆ ಬಂದ ಸೈಬರ್‌ಪಂಕ್ 2077 ಅನ್ನೋ ಗೇಮ್ ಹಳೇ ಕನ್ಸೋಲ್‌ಗಳಲ್ಲಿ (ಟಿವಿಗೆ ಜೋಡಿಸಿ ಆಡೋ ಗೇಮ್ ಪೆಟ್ಟಿಗೆ) ಎಷ್ಟು ಕೆಟ್ಟದಾಗಿ ಓಡಿತು ಅಂದ್ರೆ, ಅದೇ ತಿಂಗಳು ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ ದುಡ್ಡು ವಾಪಸ್ ಕೊಡೋಕೆ ಶುರು ಮಾಡಿತು. ಬಿಡುಗಡೆಗೆ ಮುಂಚೆ ಗೇಮ್ ಆಡಿ ಪರೀಕ್ಷಿಸುವ ಟೆಸ್ಟರ್‌ಗಳು ಕಂಡ ಬಗ್ (ದೋಷ) ಬರೆದುಕೊಡುತ್ತಾರೆ, ರಿಲೀಸ್ ತಾರೀಕು ಹಾಕುವವರು ಬೇರೆ. ಬೈಗುಳ ಮಾತ್ರ ಟೆಸ್ಟರ್‌ಗೆ. ಇದು ನನಗೆ ಸುಮ್ನೆ ಅನ್ಯಾಯ ಅನ್ನಿಸುತ್ತೆ.

ಬೆಳಿಗ್ಗೆ ಕಾಕಾಗೆ ತೋರಿಸಿದೆ. ಮಗ್ಗದ ಮುಂದೆ ಕೊಂಡಿ ಹಾಕುತ್ತಾ ಕೂತಿದ್ದರು. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆ ಬೆಸೆಯುವ ಕೆಲಸ. ಕಣ್ಣು ಎತ್ತದೇ ಅಂದರು: "ಹಂಗಾದ್ರ ನಾನೂ ಅರ್ಧ ಸೆರಗು ನೇಯ್ದು ಮಾರ್ತೀನಿ. ಉಳಿದದ್ದು ಆಮ್ಯಾಲ ಕಳಸ್ತೀನಿ ಅಂದ್ರ ನಡೀತೈತೇನೋ ತಮ್ಮಾ?"

ಈಗ ಇನ್ನೊಂದು ಪ್ಯಾಚ್ ಇಳಿಯುತ್ತಿದೆ. 12 ಜಿಬಿ.